ನೀವು ಕೇಳಿದ್ದೀರಿ: ಬ್ರಿಟನ್ನಿನ ಓಟು, ಜಾರುವ ಸ್ಟಿಕ್ಕು

ಪ್ರಶ್ನೆ: ಓದಲು ಇಂಗ್ಲೆಂಡಿಗೆ ಬಂದಿದ್ದೇನೆ, ಭಾರತದ ಪಾಸ್‌ಪೋರ್ಟ್. ನನಗೂ ಇಲ್ಲಿ ಓಟು ಇದೆ ಅಂತಾರೆ, ನಿಜವೇ?

ಉತ್ತರ: ನಿಜ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ, 18 ತುಂಬಿದ ಭಾರತೀಯರು ಸಂಸತ್ತಿಗೂ ಸ್ಥಳೀಯ ಕೌನ್ಸಿಲ್‌ಗೂ ಮತ ಹಾಕಬಹುದು. ವಿದ್ಯಾರ್ಥಿ ವೀಸಾದವರೂ ಸೇರಿ. ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿ. ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಕೆಲಸ, ತೆರಿಗೆಗೆ ಅಲ್ಲಿ ಕೊಡುವ ಗುರುತಿನ ಸಂಖ್ಯೆ) ಇನ್ನೂ ಬಂದಿಲ್ಲವೆಂದು ಅರ್ಜಿ ನಿಲ್ಲಿಸಬೇಡಿ, ಇಲ್ಲವೆಂದೇ ಬರೆಯಿರಿ. ಕೌನ್ಸಿಲ್‌ನವರು ಬೇರೆ ದಾಖಲೆ ಕೇಳುತ್ತಾರೆ.

ಎಡವುವುದು ಮತಗಟ್ಟೆಯಲ್ಲಿ. 2023ರಿಂದ ಫೋಟೋ ಗುರುತು ತೋರಿಸಲೇಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಕಾಲೇಜಿನ ಐಡಿ ಕಾರ್ಡ್ ನಡೆಯುವುದಿಲ್ಲ. ಹಿರಿಯರ ಬಸ್ ಪಾಸ್ ಒಪ್ಪಿ ವಿದ್ಯಾರ್ಥಿಗಳ ಕಾರ್ಡ್ ತಿರಸ್ಕರಿಸುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಸಂಸತ್ತಿನ ಮತಚೀಟಿಯಲ್ಲಿ ಒಂದೇ ಹೆಸರಿನ ಮುಂದೆ ಕತ್ತರಿ ಗುರುತು (X) ಹಾಕಿ; ಸಹಿ ಮಾಡಿದರೆ ಮತ ಕೆಡುತ್ತದೆ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಸಮಯವಿದೆ.

ಪ್ರಶ್ನೆ: ಕಂಟ್ರೋಲರ್ ಮುಟ್ಟದಿದ್ದರೂ ಗೇಮ್‌ನಲ್ಲಿ ಆಟಗಾರ ಎಡಕ್ಕೆ ಸರಿಯುತ್ತಾನೆ. ಹೊಸದು ಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ಕಂಟ್ರೋಲರ್‌ನ ಸ್ಟಿಕ್ಕಿನ ಬುಡದ ಪೊಟೆನ್ಶಿಯೋಮೀಟರ್‌ನಲ್ಲಿ (ಸ್ಟಿಕ್ಕು ಎಷ್ಟು ವಾಲಿದೆ ಎಂದು ಅಳೆಯುವ ಭಾಗ) ಕಾರ್ಬನ್ ಪಟ್ಟಿ ಸವೆದರೆ ಅಥವಾ ಧೂಳು ಕೂತರೆ ಹೀಗಾಗುತ್ತದೆ. ಗೇಮ್ ಸೆಟ್ಟಿಂಗ್‌ನಲ್ಲಿ ಡೆಡ್‌ಝೋನ್ (ಸ್ಟಿಕ್ಕು ತುಸು ಅಲುಗಿದರೂ ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳದ ವಲಯ) ಅನ್ನು ಸೊನ್ನೆಯಿಂದ ಒಂದೊಂದೇ ಅಂಕ ಏರಿಸಿ, ಸರಿಯುವುದು ನಿಂತ ಕಡೆ ಬಿಡಿ. ತೀರಾ ಏರಿಸಬೇಕಾಗಿ ಬಂದರೆ ಸೂಕ್ಷ್ಮವಾಗಿ ಗುರಿಯಿಡುವುದು ಕಷ್ಟ. ಆಗ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿ. ಅದು ಆಯಸ್ಕಾಂತದಿಂದ ಅಳೆಯುವುದರಿಂದ ಸವೆಯಲು ಪಟ್ಟಿಯೇ ಇರುವುದಿಲ್ಲ.