ಯೂನಿಟ್ ಕಡಿಮೆಯಾಗಿ ಬ್ಯಾಡ್ಮಿಂಟನ್ ತಂಡದಿಂದ ಹೊರಗೆ: ಈಗೇನು ಮಾಡಬೇಕು?

ಮಗಳು ಒಂದು ಕ್ಲಾಸ್ ಬಿಟ್ಟಮೇಲೆ ಕಾಲೇಜಿನ ಬ್ಯಾಡ್ಮಿಂಟನ್ ತಂಡದಿಂದ ಹೊರಗಿಟ್ಟಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದು ಕೋಚ್ ಸಿಟ್ಟಲ್ಲ, ಯೂನಿಟ್ ಲೆಕ್ಕ; ಯೂನಿಟ್ ಅಂದರೆ ಪ್ರತಿ ಕ್ಲಾಸಿಗೂ ಕೊಡುವ ಅಂಕ, ಅಂದರೆ ಕ್ರೆಡಿಟ್. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ (ಎರಡು ವರ್ಷದ ಸರ್ಕಾರಿ ಕಾಲೇಜುಗಳ) ಕ್ರೀಡೆಗೆ ಇಡೀ ರಾಜ್ಯಕ್ಕೆ ಒಂದೇ ಸಂಘ, ಒಂದೇ ನಿಯಮ: ಸೀಸನ್ ಉದ್ದಕ್ಕೂ ಕನಿಷ್ಠ 12 ಯೂನಿಟ್ ಇರಬೇಕು. ನಿಮ್ಮ ಮಗಳು ಕೆಮಿಸ್ಟ್ರಿ ಬಿಟ್ಟು 14ರಿಂದ 9ಕ್ಕೆ ಇಳಿದಿದ್ದಾಳೆ, ಅಲ್ಲಿಗೇ ಬಾಗಿಲು ಮುಚ್ಚಿತು.

ಮೊದಲು ಕಾಲೇಜಿನ ಆನ್‌ಲೈನ್ ಪೋರ್ಟಲ್ ತೆರೆದು, ತಡವಾಗಿ ಶುರುವಾಗುವ ಎಂಟು ವಾರದ ಕ್ಲಾಸ್ ಇದೆಯಾ ನೋಡಿ. ವೇಟ್‌ಲಿಸ್ಟ್‌ನಲ್ಲಿ ಹೆಸರಿದ್ದರೆ ಲೆಕ್ಕಕ್ಕಿಲ್ಲ, ಸೀಟು ಸಿಗಲೇಬೇಕು. 12 ಯೂನಿಟ್‌ನಲ್ಲಿ 9 ಡಿಗ್ರಿಗೆ ಅಥವಾ ಟ್ರಾನ್ಸ್‌ಫರ್‌ಗೆ (ಮುಂದೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಸೇರಲು) ಬೇಕಾದಂಥ ವಿಷಯದ್ದಾಗಿರಬೇಕು. ಈಗಿರುವ 9 ಹಾಗಿದ್ದರೆ ಉಳಿದ 3 ಯಾವುದಾದರೂ ನಡೆಯುತ್ತದೆ.

ಆಮೇಲೆ ಕ್ರೀಡಾ ವಿಭಾಗದ ಕೌನ್ಸಿಲರ್ ಹತ್ತಿರ ಹೋಗಿ, ಹೊಸ ಕ್ಲಾಸ್ ಯಾವ ದಿನದಿಂದ ಲೆಕ್ಕಕ್ಕೆ ಬರುತ್ತದೆ ಎಂದು ಮೇಲ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಅವರು ಹೂಂ ಅನ್ನುವವರೆಗೆ ಒಂದು ಮ್ಯಾಚೂ ಆಡಿಸಬೇಡಿ. ಅರ್ಹತೆ ಇಲ್ಲದವರು ಆಡಿದರೆ ತಂಡ ಗೆದ್ದ ಪಂದ್ಯವೂ ಕೈಬಿಟ್ಟು ಹೋಗಬಹುದು.

ವೀಸಾ ವಿಷಯ ನೀವು ಬರೆದಿಲ್ಲ. ಎಫ್-1 (ವಿದೇಶಿ ವಿದ್ಯಾರ್ಥಿಗಳ ವೀಸಾ) ಆಗಿದ್ದರೆ ಬ್ಯಾಡ್ಮಿಂಟನ್ ಪಕ್ಕಕ್ಕಿಡಿ, ಇವತ್ತೇ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ. ಅನುಮತಿ ಇಲ್ಲದೆ 12ಕ್ಕಿಂತ ಕೆಳಗಿಳಿದರೆ ವೀಸಾ ಸ್ಟೇಟಸ್‌ಗೇ ತೊಂದರೆ.

ಇನ್ನೊಂದು: ಈ ವರ್ಷ ಆಗಲೇ ಅಧಿಕೃತ ಮ್ಯಾಚ್ ಆಡಿದ್ದಾಳಾ? ಆಡಿದ್ದರೆ, ಈ ಕಾಲೇಜುಗಳಲ್ಲಿ ಆಡಲು ಸಿಗುವ ಎರಡು ಸೀಸನ್‌ನಲ್ಲಿ ಒಂದು ಮುಗಿದ ಹಾಗೆ ಲೆಕ್ಕವಾಗಬಹುದು. ಮುಂದಿನದಕ್ಕೆ ಮೊದಲು 24 ಸೆಮಿಸ್ಟರ್ ಯೂನಿಟ್ ಪಾಸಾಗಿ, ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಕನಿಷ್ಠ 2.0 ಇರಬೇಕು. ಹಾಗಾಗಿ ಬಿಟ್ಟ ಕೆಮಿಸ್ಟ್ರಿಯನ್ನು ಬೇಸಿಗೆಯಲ್ಲಿ ತೆಗೆದುಕೊಳ್ಳಲು ಈಗಲೇ ನೋಡಿಡಿ.