‘ಟೇಬಲ್’ ಮಾಡೋಣ ಅಂದರೆ ತೆರೆಯಬೇಕೋ, ಮುಚ್ಚಬೇಕೋ?

ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ಅದೇ ಏಳೆಂಟು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತಿವೆ. ಗಾದೆ ಯಾವುದು, ನುಡಿಗಟ್ಟು ಯಾವುದು ಎಂಬ ಪೀಠಿಕೆಯನ್ನು ಇಲ್ಲಿ ಹಾಕುವುದಿಲ್ಲ, ಅದು ಹೈಸ್ಕೂಲ್ ವ್ಯಾಕರಣದಲ್ಲೇ ಇದೆ. ಒಂದು ಪ್ರಶ್ನೆಗೆ ಮಾತ್ರ ವಿಸ್ತಾರವಾಗಿ ಉತ್ತರಿಸುತ್ತೇನೆ, ಉಳಿದ ಬಹುತೇಕ ಗೊಂದಲಗಳ ಬೇರು ಅದರಲ್ಲಿದೆ.

ಓದುಗರೊಬ್ಬರ ಪ್ರಶ್ನೆ: ನಾಗವಾರದ ಬಳಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನನ್ನ ಕೆಲಸ. ನುಡಿಗಟ್ಟುಗಳ ಪುಸ್ತಕ ತಂದು ಐನೂರು ಬಾಯಿಪಾಠ ಮಾಡಿದ್ದೇನೆ. ಹೋದ ವಾರ ಕಾಲ್‌ನಲ್ಲಿ ಅಮೆರಿಕದ ಕ್ಲೈಂಟ್ ‘ಲೆಟ್ಸ್ ಟೇಬಲ್ ದಿಸ್’ ಅಂದರು. ಪುಸ್ತಕದಲ್ಲಿ ‘ಚರ್ಚೆಗೆ ಮಂಡಿಸು’ ಎಂದಿತ್ತು. ನಾನು ಸ್ಲೈಡ್ ತೆರೆದು ವಿವರಿಸತೊಡಗಿದೆ. ಎಲ್ಲರೂ ಸುಮ್ಮನಾದರು. ಎಲ್ಲಿ ತಪ್ಪಿದೆ?

ಪುಸ್ತಕ ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಬ್ರಿಟಿಷ್ ಸಂಸತ್ತಿನಲ್ಲಿ ಕಾಗದಪತ್ರವನ್ನು ಮೇಜಿನ ಮೇಲೆ ಇಟ್ಟರೆ ಅದು ಸದಸ್ಯರ ಮುಂದೆ ಬಂದಂತೆ. ಹಾಗಾಗಿ ಬ್ರಿಟನ್ನಿನಲ್ಲಿ ‘ಟೇಬಲ್’ ಎಂದರೆ ಮಂಡಿಸು. ನಮ್ಮದೂ ಅದೇ ಪದ್ಧತಿ, ವಿಧಾನಸೌಧದಲ್ಲಿ ವರದಿ ‘ಟೇಬಲ್’ ಆಯಿತೆಂದು ಇಂಗ್ಲಿಷ್ ಪತ್ರಿಕೆ ಬರೆದರೆ ಕನ್ನಡ ಪತ್ರಿಕೆ ‘ಮಂಡನೆ’ ಎನ್ನುತ್ತದೆ. ಅಮೆರಿಕದ ಸಂಸತ್ತಿನಲ್ಲಿ ಮಾತ್ರ ವಿಷಯವನ್ನು ಮೇಜಿನ ಮೇಲಿಡುವುದು ಎಂದರೆ ಅದನ್ನು ಬದಿಗೆ ಸರಿಸುವುದು, ಎಷ್ಟೋ ಸಲ ಅಲ್ಲಿಗೇ ಕೈಬಿಡುವುದು. ನಿಮ್ಮ ಕ್ಲೈಂಟ್ ಹೇಳಿದ್ದು ‘ಇದು ಈಗ ಬೇಡ’ ಎಂದು. ನೀವು ಅದನ್ನೇ ಬಿಚ್ಚಿಟ್ಟಿರಿ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾಧಿಕಾರಿಗಳೇ ಈ ಪದಕ್ಕೆ ಸಿಕ್ಕಿಬಿದ್ದಿದ್ದರು. ಒಂದು ತುರ್ತು ವಿಷಯವನ್ನು ‘ಟೇಬಲ್’ ಮಾಡಬೇಕೆಂದು ಒಂದು ಕಡೆಯವರು, ಕೂಡದೆಂದು ಇನ್ನೊಂದು ಕಡೆಯವರು ದೀರ್ಘವಾಗಿ, ಕಟುವಾಗಿ ವಾದಿಸಿದರು. ಇಬ್ಬರಿಗೂ ಬೇಕಿದ್ದದ್ದು ಒಂದೇ ಎಂಬುದು ಆಮೇಲೆ ತಿಳಿಯಿತು ಎಂದು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇಂಗ್ಲಿಷ್ ಮನೆಮಾತಾದವರಿಗೇ ಹೀಗಾಗಿದೆ, ಆದ್ದರಿಂದ ನಾಚಿಕೆ ಬೇಡ. ಬೆಂಗಳೂರಿನಲ್ಲಿ ಬೆಳಗ್ಗೆ ಲಂಡನ್, ರಾತ್ರಿ ಅಮೆರಿಕ ಎಂದು ಎರಡು ಕಡೆಯ ಕಾಲ್‌ಗೆ ಕೂರುವವರು ಈ ಪದವನ್ನು ತಾವಾಗಿ ಬಳಸಲೇಬಾರದು. ‘ಡಿಸ್ಕಸ್ ನೌ’ ಅಥವಾ ‘ಪೋಸ್ಟ್‌ಪೋನ್’ ಎಂದು ನೇರವಾಗಿ ಬರೆಯಿರಿ. ಬೇರೆಯವರು ಬಳಸಿದಾಗ ‘ಜಸ್ಟ್ ಟು ಬಿ ಕ್ಲಿಯರ್, ನೌ ಆರ್ ಲೇಟರ್?’ ಎಂದು ಕೇಳಿಬಿಡಿ. ಐದು ಸೆಕೆಂಡಿನ ಪ್ರಶ್ನೆ ಅದು. ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಬಾಯಿಪಾಠದ ವಿಚಾರ. ಒಂದು ನುಡಿಗಟ್ಟು, ಮುಂದೆ ಒಂದು ಗೆರೆ, ಗೆರೆಯ ಆಚೆ ಒಂದು ಅರ್ಥ: ಈ ಪಟ್ಟಿಗಳು ನಿಮಗೆ ಮೋಸ ಮಾಡುತ್ತಿವೆ. ಕನ್ನಡದಲ್ಲೇ ನೋಡಿ. ಕೈ ಹಿಡಿ, ಕೈ ಕೊಡು, ಕೈ ಎತ್ತು, ಕೈ ಚೆಲ್ಲು, ಕೈ ಹಾಕು. ಇವನ್ನು ಯಾರೂ ಪಟ್ಟಿಯಿಂದ ಕಲಿತವರಲ್ಲ. ‘ಗಾಡಿ ಸಿಲ್ಕ್ ಬೋರ್ಡ್ ಹತ್ರ ಕೈ ಕೊಡ್ತು’ ಅನ್ನುವ ಇಡೀ ಮಾತು ಕಿವಿಗೆ ಬಿದ್ದು ಕಲಿತದ್ದು. ಅದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ಒಯ್ದರೆ ಅರ್ಥ ತಲೆಕೆಳಗಾಗುತ್ತದೆ, ಅಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಎಂದರೆ ಸಹಾಯ ಮಾಡಿ. ಆ ಪುಟ್ಟ ‘ಎ’ ತೆಗೆದು ‘ಯುವರ್’ ಹಾಕಿ, ನಿಜವಾಗಿಯೂ ಕೈ ಚಾಚಿ ಎಂದಾಗುತ್ತದೆ. ‘ಗಿವ್ ಹರ್ ಎ ಬಿಗ್ ಹ್ಯಾಂಡ್’ ಎಂದರೆ ಚಪ್ಪಾಳೆ ತಟ್ಟಿ. ಒಂದೇ ಕೈ, ಮೂರು ಕೆಲಸ. ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಹಾಗಾಗಿ ಒಂದು ನುಡಿಗಟ್ಟಿಗೆ ನೋಟ್‌ಬುಕ್‌ನಲ್ಲಿ ಐದು ಸಾಲು ಕೊಡಿ. ಮೊದಲ ಸಾಲಿನಲ್ಲಿ ನೀವು ಕೇಳಿದ ಅಥವಾ ಓದಿದ ಇಡೀ ವಾಕ್ಯ ಇರಲಿ, ನುಡಿಗಟ್ಟೊಂದೇ ಬೇಡ.

ಎರಡನೆಯದು, ಯಾವ ಭಾಗ ಅಲುಗಾಡುತ್ತದೆ, ಯಾವುದು ಅಲುಗಾಡುವುದಿಲ್ಲ ಎಂಬುದು. ಹೆಚ್ಚಿನ ತಪ್ಪು ಇಲ್ಲೇ. ಸಾಯುವುದಕ್ಕೆ ಹೇಳುವ ‘ಕಿಕ್ ದ ಬಕೆಟ್’ ಕಲ್ಲಿನಂತೆ ಗಟ್ಟಿ. ‘ದ’ ಹೋಗಿ ‘ಎ’ ಬಂದರೂ, ‘ಬಕೆಟ್ಸ್’ ಎಂದು ಬಹುವಚನ ಮಾಡಿದರೂ, ‘ದ ಬಕೆಟ್ ವಾಸ್ ಕಿಕ್ಡ್’ ಎಂದು ಕರ್ಮಣಿಗೆ ತಿರುಗಿಸಿದರೂ ಸಾವು ಮಾಯ, ಯಾರೋ ಬಕೆಟ್ ಒದ್ದದ್ದಷ್ಟೇ ಉಳಿಯುತ್ತದೆ. ಗುಟ್ಟು ಬಿಟ್ಟುಕೊಡುವುದಕ್ಕೆ ಹೇಳುವ ‘ಸ್ಪಿಲ್ ದ ಬೀನ್ಸ್’ ಅಷ್ಟು ಬಿಗಿಯಲ್ಲ, ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದರೂ ಗುಟ್ಟು ರಟ್ಟಾದ ಅರ್ಥವೇ ಬರುತ್ತದೆ. ಕಾರಣವಿದೆ. ಬೀನ್ಸ್ ಜಾಗದಲ್ಲಿ ಗುಟ್ಟು, ಚೆಲ್ಲುವ ಜಾಗದಲ್ಲಿ ಹೊರಹಾಕುವುದು ಎಂದು ಬಿಡಿಸಿ ಕೂರಿಸಬಹುದು. ಬಕೆಟ್ ಜಾಗದಲ್ಲಿ ಕೂರಿಸಲು ಏನೂ ಇಲ್ಲ. ಬಿಡಿಸಲು ಬರುವ ನುಡಿಗಟ್ಟು ಸ್ವಲ್ಪ ಬಾಗುತ್ತದೆ, ಬಿಡಿಸಲು ಬಾರದ್ದು ಸಾಮಾನ್ಯವಾಗಿ ಬಾಗುವುದಿಲ್ಲ. ಅನುಮಾನವಿದ್ದರೆ ಕೇಳಿದ ರೂಪದಲ್ಲೇ ಇಟ್ಟುಕೊಳ್ಳಿ.

ಮೂರನೆಯ ಸಾಲು, ಯಾರು ಯಾರಿಗೆ ಹೇಳಿದರು ಎಂಬುದು. ಕನ್ನಡದಲ್ಲಿ ತೀರಿಕೊಂಡರು, ದೈವಾಧೀನರಾದರು, ಗೊಟಕ್ ಅಂದ, ಎಲ್ಲವೂ ಸಾವೇ. ಆದರೆ ಸಹೋದ್ಯೋಗಿಯ ತಂದೆ ಹೋದಾಗ ‘ಗೊಟಕ್ ಅಂದರಂತೆ’ ಎಂದು ಯಾರಾದರೂ ಹೇಳುತ್ತಾರೆಯೇ? ಸಂತಾಪದ ಮೇಲ್‌ನಲ್ಲಿ ‘ಕಿಕ್ಡ್ ದ ಬಕೆಟ್’ ಎಂದು ಬರೆಯುವುದು ಅದೇ ಅಪಚಾರ. ಅಲ್ಲಿ ‘ಪಾಸ್ಡ್ ಅವೇ’ ಎನ್ನಿ. ಪಟ್ಟಿಯಲ್ಲಿ ಇವೆರಡರ ಮುಂದೆಯೂ ‘ಸಾಯು’ ಎಂದೇ ಇರುತ್ತದೆ, ಆ ಪಟ್ಟಿಗಳ ಮೇಲೆ ನನ್ನ ಸಿಟ್ಟಿಗೆ ದೊಡ್ಡ ಕಾರಣ ಇದೇ.

ನಾಲ್ಕನೆಯದಕ್ಕೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಬೇಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್, ಮೂರೂ ನೆಟ್‌ನಲ್ಲಿ ಉಚಿತ. ಅರ್ಥಕ್ಕಿಂತ ಮೊದಲು ಅದರ ಪಕ್ಕದ ಸಣ್ಣ ಗುರುತು ಓದಿ: ಬ್ರಿಟಿಷ್, ಅಮೆರಿಕನ್, ಇನ್‌ಫಾರ್ಮಲ್, ಓಲ್ಡ್ ಫ್ಯಾಷನ್ಡ್, ಡಿಸ್‌ಅಪ್ರೂವಿಂಗ್. ಆ ಗುರುತು ನೋಡಿದ್ದರೆ ನಿಮ್ಮ ಕಾಲ್‌ನಲ್ಲಿ ಆ ಮೌನ ಇರುತ್ತಿರಲಿಲ್ಲ.

ಐದನೆಯದು, ಆ ಮಾತಿನ ನಂತರ ಏನಾಯಿತು ಎಂಬುದು. ‘ಲೆಟ್ಸ್ ಟೇಬಲ್ ದಿಸ್’ ಆದಮೇಲೆ ಮುಂದಿನ ವಿಷಯಕ್ಕೆ ಹೋದರೇ, ಅದನ್ನೇ ಎತ್ತಿಕೊಂಡರೇ? ನಿಘಂಟು ಕೈಯಲ್ಲಿ ಇಲ್ಲದಾಗ ಅರ್ಥ ತೋರಿಸುವುದು ಇದೊಂದೇ.

ವಾರಕ್ಕೆ ಮೂರು ಸಾಕು. ಮೂರು ಬೇರೆ ಬೇರೆ ಬಾಯಲ್ಲಿ ಕೇಳುವವರೆಗೆ ನಿಮ್ಮ ಬಾಯಲ್ಲಿ ಬರುವುದು ಬೇಡ. ಇದು ಅತಿ ಎಚ್ಚರ ಅನ್ನಿಸಬಹುದು. ನುಡಿಗಟ್ಟು ಬಳಸದಿದ್ದರೆ ಯಾರಿಗೂ ತಿಳಿಯುವುದಿಲ್ಲ, ತಪ್ಪಾಗಿ ಬಳಸಿದರೆ ಎಲ್ಲರಿಗೂ ತಿಳಿಯುತ್ತದೆ. ನನ್ನ ಸಲಹೆ ಎಚ್ಚರದ ಕಡೆಗೇ.

ಕನ್ನಡದಲ್ಲೂ ಇದೆ ಅನ್ನಿಸುವ ನುಡಿಗಟ್ಟಿನಲ್ಲಿ ಇನ್ನೂ ಹುಷಾರಾಗಿರಿ. ಮೊಸಳೆ ಕಣ್ಣೀರು, ಮೂಗು ತೂರಿಸುವುದು, ಬೆನ್ನಿಗೆ ಚೂರಿ ಹಾಕುವುದು, ಇವು ಎರಡೂ ಕಡೆ ಒಂದೇ. ಕಾಲೆಳೆಯುವುದು ಹಾಗಲ್ಲ. ಕನ್ನಡದಲ್ಲಿ ಅದು ತಮಾಷೆಯೂ ಹೌದು, ಮೇಲೆ ಬರುವವನನ್ನು ಕೆಳಗೆ ಜಗ್ಗುವುದೂ ಹೌದು. ಇಂಗ್ಲಿಷಿನ ‘ಪುಲಿಂಗ್ ಮೈ ಲೆಗ್’ನಲ್ಲಿ ತಮಾಷೆ ಮಾತ್ರ, ಅದೂ ಸುಳ್ಳನ್ನು ನಿಜವೆಂದು ನಂಬಿಸುವ ತಮಾಷೆ. ಪ್ರಮೋಷನ್ ತಪ್ಪಿಸಿದ ಸಹೋದ್ಯೋಗಿಯ ಮೇಲೆ ಎಚ್‌ಆರ್‌ಗೆ ದೂರು ಕೊಡುವಾಗ ಈ ಮಾತು ಬರೆದರೆ, ಅವರು ತಮಾಷೆ ಮಾಡಿದರು ಎಂದು ನೀವೇ ದಾಖಲೆ ಕೊಟ್ಟಂತೆ.

ಇನ್ನು ಉಳಿದ ಪ್ರಶ್ನೆಗಳಿಗೆ ಚುಟುಕಾಗಿ.

ಹಿಂದೆ ಇಂಗ್ಲೆಂಡಿನಲ್ಲಿ ಬೆಕ್ಕು ನಾಯಿಗಳು ಹುಲ್ಲು ಮಾಡಿನಲ್ಲಿ ಮಲಗಿ, ಮಳೆಗೆ ಜಾರಿ ಬೀಳುತ್ತಿದ್ದವಂತೆ. ಅದಕ್ಕೇ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂತೆ, ನಿಜವೇ? (ಬಸವನಗುಡಿ)

ಕಟ್ಟುಕತೆ. 1999ರ ಹೊತ್ತಿಗೆ ಇಮೇಲ್‌ನಲ್ಲಿ ಸುತ್ತಾಡಿದ ಒಂದು ಬರಹದಲ್ಲಿ ಇದ್ದದ್ದು ಈಗ ವಾಟ್ಸಾಪ್‌ಗೆ ಬಂದಿದೆ. ಮಲೆನಾಡಿನಲ್ಲಿ ಹುಲ್ಲು ಹೊದಿಸಿದ ಮನೆ ಕಂಡವರು ಯೋಚಿಸಿ: ಮಳೆ ಬಂದಾಗ ಬೆಕ್ಕು ಮಾಡಿನ ಅಡಿಗೆ ಸೇರುತ್ತದೆಯೇ, ಮಾಡಿನ ಮೇಲೆ ನೆನೆಯುತ್ತಾ ಕೂರುತ್ತದೆಯೇ? 17ನೇ ಶತಮಾನದ ನಡುವಿನ ಬರಹಗಳಲ್ಲಿ ನಾಯಿ ಬೆಕ್ಕುಗಳ ಮಳೆಯ ಮಾತು ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ, 1738ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಈಗಿನ ರೂಪ ಬಳಸಿದ. ಮೂಲ ಇಂಥದ್ದೇ ಎಂದು ಯಾರೂ ಸಾಬೀತು ಮಾಡಿಲ್ಲ. ಅದಿರಲಿ, ಈ ನುಡಿಗಟ್ಟೇ ಹಳತಾಗಿದೆ. ಮಳೆ ಧೋ ಎನ್ನುವಾಗ ‘ಇಟ್ಸ್ ಪೋರಿಂಗ್’ ಎಂದರೆ ಸಾಕು.

‘ಬೈಟ್ ದ ಬುಲೆಟ್’ 1857ರ ದಂಗೆಯ ತೋಟಾಗಳಿಂದ ಬಂತಲ್ಲವೇ? (ಯಲಹಂಕ)

ಅಲ್ಲ. ಸಿಪಾಯಿಗಳು ಹಲ್ಲಿನಿಂದ ಹರಿಯಬೇಕಿದ್ದದ್ದು ಮದ್ದಿನ ಕಾಗದದ ತುದಿಯನ್ನು, ಗುಂಡನ್ನಲ್ಲ. ಚಡಿ ಏಟು ತಿನ್ನುವ ಸೈನಿಕ ಕೂಗದಿರಲು ಗುಂಡು ಅಗಿಯುತ್ತಿದ್ದ ಎಂಬ ಮಾತು ಫ್ರಾನ್ಸಿಸ್ ಗ್ರೋಸ್‌ನ ಆಡುಮಾತಿನ ನಿಘಂಟಿನ 1796ರ ಮುದ್ರಣದಲ್ಲೇ ಇದೆ, ದಂಗೆಗೆ ಅರವತ್ತು ವರ್ಷ ಮೊದಲು. ಅರ್ಥದಲ್ಲೂ ಒಂದು ಎಚ್ಚರ ಬೇಕು. ಹಲ್ಲು ಕಚ್ಚಿಕೊಂಡು ದಿನ ತಳ್ಳುವುದಕ್ಕೆ ಇದು ಹೊಂದುವುದಿಲ್ಲ. ಮುಂದೂಡುತ್ತಾ ಬಂದ ಅಹಿತಕರ ಕೆಲಸವನ್ನು ಕೊನೆಗೆ ಮಾಡಿಯೇಬಿಡುವುದು ಇದರ ಅರ್ಥ. ಆರು ತಿಂಗಳು ನೋವು ಸಹಿಸಿದ್ದು ಹಲ್ಲು ಕಚ್ಚಿಕೊಂಡದ್ದು, ರೂಟ್ ಕೆನಾಲ್‌ಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡದ್ದು ‘ಬೈಟ್ ದ ಬುಲೆಟ್’.

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ನುಡಿಗಟ್ಟು ತುಂಬಿದರೆ ಬ್ಯಾಂಡ್ (ಅಂಕದ ಮಟ್ಟ) ಏರುತ್ತದೆ ಎಂದು ಕೋಚಿಂಗ್‌ನವರು ಹೇಳುತ್ತಾರೆ. (ವಿಜಯನಗರ)

ಅವರು ಒಂದು ಪದವನ್ನು ತಪ್ಪಾಗಿ ಓದಿಕೊಂಡಿದ್ದಾರೆ. ಸ್ಪೀಕಿಂಗ್ ವಿಭಾಗದ ಏಳನೇ ಬ್ಯಾಂಡ್‌ನ ಮಾನದಂಡದಲ್ಲಿ ‘ಇಡಿಯಮ್ಯಾಟಿಕ್’ ಎಂಬ ಪದವಿದೆ, ನಿಜ. ಅದರ ಅರ್ಥ ಆ ಭಾಷೆಯ ಜಾಯಮಾನಕ್ಕೆ ಹೊಂದುವ ಮಾತು ಎಂದು. ‘ಹೆವಿ ರೇನ್’ ಎನ್ನುವುದೂ ಅದರಲ್ಲಿ ಸೇರುತ್ತದೆ, ‘ಸ್ಟ್ರಾಂಗ್ ರೇನ್’ ಸೇರುವುದಿಲ್ಲ. ಬಾಯಿಪಾಠದ ನುಡಿಗಟ್ಟು ಪರೀಕ್ಷಕರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಪ್ರಬಂಧದಲ್ಲಂತೂ ಆಡುಮಾತಿನ ನುಡಿಗಟ್ಟು ಹಾಕಲೇಬೇಡಿ.

ಮೂವತ್ತು ದಿನದಲ್ಲಿ ಸಾವಿರ ನುಡಿಗಟ್ಟು ಕಲಿಸುವ ಕೋರ್ಸ್ ಸೇರಲೇ?

ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ನಿಘಂಟೂ ಆರು ತಿಂಗಳ ಇಂಗ್ಲಿಷ್ ಪತ್ರಿಕೆಯೂ ಬರುತ್ತವೆ.

‘ಅಗತ್ಯವಾದದ್ದನ್ನು ಮಾಡಿ’ ಎನ್ನಲು ‘ಡು ದ ನೀಡ್‌ಫುಲ್’ ಎಂದು ಬರೆಯುವುದು ತಪ್ಪೇ?

ತಪ್ಪಲ್ಲ, ಹಳೆಯದು. ಬ್ರಿಟನ್ನಿನಲ್ಲಿ ಬಳಕೆ ಕಡಿಮೆಯಾಗಿ ನಮ್ಮ ಕಚೇರಿಗಳಲ್ಲಿ ಉಳಿಯಿತು. ಏನು ಮಾಡಬೇಕು, ಯಾವ ದಿನಾಂಕದೊಳಗೆ ಎಂದು ಬರೆಯಿರಿ.

‘ಟೋ ದ ಲೈನ್’ ಎಂದರೆ ಎಳೆಯುವುದೇ?

ನಮ್ಮ ರಸ್ತೆಯಲ್ಲಿ ಗಾಡಿ ಎತ್ತಿಕೊಂಡು ಹೋಗುವ ಟೋಯಿಂಗ್ ಬೇರೆ. ಇದು ಕಾಲ್ಬೆರಳಿನ ‘ಟೋ’, ಸ್ಪೆಲಿಂಗ್ ಟಿ-ಒ-ಇ. ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುವುದು, ಅಂದರೆ ಹೇಳಿದಂತೆ ನಡೆಯುವುದು.

ರೆಸ್ಯೂಮೆಯಲ್ಲಿ ‘ಪಾಸ್ಡ್ ಔಟ್ ಇನ್ 2019’ ಎಂದು ಬರೆದಿದ್ದೇನೆ. ವಿದೇಶಿ ಕಂಪನಿಗೆ ಕಳಿಸಬಹುದೇ?

ಹಾಗೇ ಕಳಿಸಬೇಡಿ. ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗೆ ಓದುವವರಿಗೆ ನೀವು 2019ರಲ್ಲಿ ಮೂರ್ಛೆ ಹೋದಿರಿ ಎಂದಾಗುತ್ತದೆ. ‘ಗ್ರಾಜುಯೇಟೆಡ್ ಇನ್ 2019’ ಎಂದು ತಿದ್ದಿ, ಲಿಂಕ್ಡ್‌ಇನ್‌ನಲ್ಲೂ ಇದ್ದರೆ ಅಲ್ಲೂ ಇವತ್ತೇ ಬದಲಾಯಿಸಿ.