‘ಬದುಕಿನ ಕಥೆ ಹೇಳಿ’ ಅಂದ ಮರುದಿನ ತರಗತಿ ಅರ್ಧ ಖಾಲಿ

ಇದನ್ನು ಬರೆಯಲು ಸಂಬಂಧಪಟ್ಟವರು ಒಪ್ಪಿದ್ದಾರೆ. ಊರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಹೆಸರು ಹಾಕುವುದಿಲ್ಲ. ಉತ್ತರ ಕರ್ನಾಟಕದ ಕಡೆ ಪಾಠ ಹೇಳುವ ಹೆಣ್ಣುಮಗಳನ್ನು ಅಕ್ಕೋರು ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ಅಕ್ಕೋರಿಗೆ ಇಪ್ಪತ್ತೈದರ ಆಸುಪಾಸು. ಬಿ.ಎಡ್. ಮುಗಿದಿದೆ, ಕೆಲಸ ಸಿಕ್ಕಿಲ್ಲ. ಕಲ್ಯಾಣ ಕರ್ನಾಟಕದ ಹತ್ತಿ ಬೆಳೆಯುವ ಹಳ್ಳಿಯೊಂದರಲ್ಲಿ ಸಂಜೆ ಹೊತ್ತು ಹೆಂಗಸರಿಗೆ ಓದು ಬರಹ ಕಲಿಸುತ್ತಾರೆ, ಸಂಬಳ ಇಲ್ಲದ ಸ್ವಯಂಸೇವೆ. ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಊಟ ಸೇರುವುದಿಲ್ಲ, ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ, ತರಗತಿ ನಡೆಯುವ ಸಮುದಾಯ ಭವನದ ಮುಂದೆ ಹಾದುಹೋಗಲೂ ಕಾಲು ಬರುವುದಿಲ್ಲ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆಮೇಲೆ, "ನಾ ಒಬ್ಬರ ಗಾಯಾ ಕೆದರಿಬಿಟ್ಟೆನ್ರಿ ಮೇಡಂ" ಅಂತ ಅತ್ತರು.

ನಡೆದಿದ್ದು ಇಷ್ಟು. ದೊಡ್ಡವರಿಗೆ ಕಲಿಸುವಾಗ ಅವರ ಜೀವನದ ಅನುಭವ ಬಳಸಿಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ಹೇಗೆ ಅಂತ ಹೇಳಿರಲಿಲ್ಲ. ಇವರು ಎಲ್ಲರನ್ನೂ ಸುತ್ತ ಕೂರಿಸಿ, "ಬದುಕಿನಾಗ ಮರೀಲಾರದ್ದು ಒಂದೊಂದು ಹೇಳ್ರಿ, ಬೋರ್ಡಿನ ಮ್ಯಾಲ ಬರಿಯೋಣು" ಅಂದರು. ಮೊದಲಿಬ್ಬರು ಜಾತ್ರೆ, ಮಗಳ ಮದುವೆ ಅಂತ ಹೇಳಿದರು. ಮೂರನೆಯವರು ಐವತ್ತರ ಹೆಂಗಸು, ಎಲ್ಲರೂ ಕಾಕಿ ಅನ್ನುತ್ತಾರೆ. ಅವರು ಸಾಲದ ಮಾತು ಎತ್ತಿ, ಬೆಳೆ ಹೋದದ್ದು ಹೇಳಿ, ಗಂಡ ತೀರಿಕೊಂಡ ರಾತ್ರಿಗೆ ಬಂದು ನಿಂತುಬಿಟ್ಟರು. ಮುಂದೆ ಮಾತಿಲ್ಲ, ಬರೀ ಅಳು. ಅಕ್ಕೋರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಇತ್ತು. ಬೋರ್ಡಿನ ಮೇಲೆ ‘ಸಾಲ’ ಅಂತ ಬರೆದರು. ಪಕ್ಕದಲ್ಲಿದ್ದ ಸೊಸೆ ವಯಸ್ಸಿನವಳು ಆಗಷ್ಟೇ ಅಕ್ಷರ ಕೂಡಿಸಲು ಕಲಿತವಳು, "ಸಾ... ಲ" ಎಂದು ಜೋರಾಗಿ ಓದಿದಳು. ಕಾಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಮರುದಿನ ಅರ್ಧ ಜನ ಬರಲಿಲ್ಲ. ಹತ್ತು ಹದಿನೈದು ದಿನದಲ್ಲಿ ಮೂರು ಜನ ಉಳಿದರು.

ಎರಡನೇ ಭೇಟಿಯಲ್ಲಿ ಅಕ್ಕೋರ ದುಃಖ ಸ್ವಲ್ಪ ಸಿಟ್ಟಾಗಿತ್ತು. ಈ ಹೆಂಗಸರಿಗೆ ಕಲಿಯುವ ಮನಸ್ಸೇ ಇಲ್ಲ, ಸುಮ್ನೆ ಹೊತ್ತು ಹೋಗಲಿ ಅಂತ ಬರುತ್ತಿದ್ದರು ಅಂದರು. ನಾನು ಒಪ್ಪಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಹೆಂಗಸರಲ್ಲಿ ಶೇ. 68ರಷ್ಟು ಜನರಿಗೆ ಓದು ಬರಹ ಬರುತ್ತಿತ್ತು, ಅದೇ ಯಾದಗಿರಿ ಜಿಲ್ಲೆಯಲ್ಲಿ ಗಂಡು ಹೆಣ್ಣು ಎಲ್ಲ ಸೇರಿಸಿದರೂ ಶೇ. 52 ಮುಟ್ಟಿರಲಿಲ್ಲ. ಅಂಥ ಸೀಮೆಯಲ್ಲಿ ಐವತ್ತು ವರ್ಷ ಅಕ್ಷರ ಇಲ್ಲದೆ ಸಂಸಾರ ದಡ ಮುಟ್ಟಿಸಿದವರು, ಇಡೀ ದಿನ ಹೊಲದಲ್ಲಿ ಬಗ್ಗಿ ದುಡಿದು, ಮನೆಗೆ ಬಂದು ರೊಟ್ಟಿ ಬಡಿದು, ಆಮೇಲೆ ಪಾಟಿ ಹಿಡಿದು ಬರುತ್ತಾರೆ ಅಂದರೆ ಅದಕ್ಕಿಂತ ಜಾಸ್ತಿ ಮನಸ್ಸು ಇನ್ನೇನು ಬೇಕು?

ಆಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಆ ಕಾಕಿಗೆ ಏನೇನು ಬರುತ್ತದೆ?

ಅಕ್ಕೋರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ನೆನಪಾಯಿತು. ಹತ್ತಿ ಬಿಡಿಸುವ ಕೂಲಿ ಅಲ್ಲಿ ಕೆಜಿ ಲೆಕ್ಕದಲ್ಲಿ. ಒಂದು ಸಂಜೆ ಹೊಲದಿಂದ ಬರುವಾಗ ತೂಕದ ಹತ್ತಿರ ನಿಂತು ನೋಡಿದ್ದರಂತೆ. ಕೆಜಿಗೆ 12 ರೂಪಾಯಿ, ಕಾಕಿ ಬಿಡಿಸಿದ್ದು 34 ಕೆಜಿ. ಕೂಲಿಯವರ ಮೇಸ್ತ್ರಿ ಮುಕಾದಮ ಲೆಕ್ಕ ಹಾಕಲು ಮೊಬೈಲ್ ತೆಗೆಯುವಷ್ಟರಲ್ಲಿ ಕಾಕಿ ಹೇಳಿಬಿಟ್ಟರು: "ಮೂವತ್ತಕ್ಕ ಮುನ್ನೂರ ಅರವತ್ತು, ನಾಕಕ್ಕ ನಲವತ್ತೆಂಟು, ನಾಕ್ನೂರ ಎಂಟು ಕೊಡು." ಇದೇ ಕಾಕಿಗೆ ತರಗತಿಯಲ್ಲಿ ಅಕ್ಕೋರು ಒಂದರಿಂದ ಹತ್ತು ಬರೆಸುತ್ತಿದ್ದರು. ಅದರಲ್ಲಿ ತಪ್ಪಿಲ್ಲ, ಅಂಕಿ ಬರೆಯುವುದು ಬೇರೆಯೇ ವಿದ್ಯೆ. ಆದರೆ ಲೆಕ್ಕ ಬಲ್ಲವರಿಗೆ ಲೆಕ್ಕ ಬರುವುದಿಲ್ಲ ಅನ್ನುವ ಹಾಗೆ ಕಲಿಸಿದರೆ ಅವರು ಒಳಗೊಳಗೇ ಕುಗ್ಗುತ್ತಾರೆ.

ನಾನು ಅಕ್ಕೋರಿಗೆ ಹೇಳಿದ್ದು ಇದು. ಅನುಭವ ಅಂದರೆ ಅವರು ಅನುಭವಿಸಿದ ಕಷ್ಟ ಮಾತ್ರ ಅಲ್ಲ, ಅವರ ಕೈಗೆ ಬರುವ ಕೆಲಸ, ಬಾಯಲ್ಲಿರುವ ಲೆಕ್ಕ, ಕಣ್ಣಳತೆ, ಯಾವ ಮೋಡ ಮಳೆ ತರುತ್ತದೆ ಅನ್ನುವ ಅಂದಾಜು, ಇದೆಲ್ಲ. ಪಾಠಕ್ಕೆ ಬೇಕಾಗಿರುವುದು ಅದು. ಕಷ್ಟವನ್ನು ಯಾರಾದರೂ ತಾವಾಗಿಯೇ ಹೇಳಿಕೊಂಡರೆ ಕೇಳಬೇಕು, ಆದರೆ ನಾವು ಕೇಳಿ ಹೊರಗೆ ತೆಗೆಯಬಾರದು. ಅದೂ ಅತ್ತೆ, ಸೊಸೆ, ನೆಗೆಣ್ಣಿ, ಪಕ್ಕದ ಮನೆಯವರು ಎಲ್ಲ ಕೂತಿರುವ ಕಡೆ! ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ, ಅಲ್ವಾ?

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಅವರ ಬಗ್ಗೆಯೂ ಸ್ವಲ್ಪ ಹೇಳಿದೆ, ಅಕ್ಕೋರು ಬಿ.ಎಡ್.ನಲ್ಲಿ ಹೆಸರು ಓದಿದ್ದರು. 1963ರಲ್ಲಿ ಅಂಜಿಕೋಸ್ ಎಂಬ ಬಡ ಊರಿನಲ್ಲಿ ಸುಮಾರು 300 ದುಡಿಯುವ ಜನರಿಗೆ 40 ಗಂಟೆಗಳ ಪಾಠದಲ್ಲಿ ಓದು ಕಲಿಸಲು ಹೊರಟವರು ಅವರು. ಪಾಠ ಶುರುವಾಗುವ ಮೊದಲೇ ಅವರ ತಂಡ ಜನರ ನಡುವೆ ಓಡಾಡಿ, ದಿನವೂ ಆಡುವ ಮಾತು ಕೇಳಿಸಿಕೊಂಡು, ಅದರಿಂದಲೇ ಪದ ಆರಿಸಿಕೊಂಡಿತ್ತು. ಅಂದರೆ ಅನುಭವ ಹುಡುಕುವ ಕೆಲಸ ತರಗತಿಯ ಹೊರಗೆ, ಕಿವಿಯಿಂದ ಆಗಿತ್ತು.

ಹಾಗಾಗಿ ಮೊದಲ ಕೆಲಸ, ಒಂದು ವಾರ ಪಾಠ ಕಡಿಮೆ ಮಾಡಿ ತೂಕದ ಜಾಗದಲ್ಲಿ, ನೀರಿನ ಟ್ಯಾಂಕಿನ ಹತ್ತಿರ ಸುಮ್ಮನೆ ನಿಂತು ಕೇಳಿಸಿಕೊಳ್ಳಿ ಅಂದೆ. ಅಕ್ಕೋರು ಪದಗಳನ್ನು ಹೊತ್ತು ತಂದರು: ತೂಕ, ದರ, ಚೀಲ, ಕೂಲಿ, ಹತ್ತಿ, ಮುಕಾದಮ. ಇಬ್ಬರೂ ಕೂತು ಆರಿಸಿದೆವು. ಹತ್ತಿ ಎಲ್ಲರಿಗೂ ಹತ್ತಿರದ ಪದ, ಆದರೆ ಒತ್ತಕ್ಷರ ಇದೆ, ಮೊದಲಿಗೆ ಬೇಡ. ಕೂಲಿ ಚೆನ್ನಾಗಿದೆ. ‘ಕ’ದ ಕಾಗುಣಿತ, ‘ಲ’ದ ಕಾಗುಣಿತ ಎದುರುಬದುರು ಬರೆದರೆ ಕಾಲು, ಕೀಲಿ, ಕಲಿ ಎಲ್ಲ ಅವರೇ ಹುಡುಕಿಕೊಳ್ಳುತ್ತಾರೆ. ಲೆಕ್ಕಕ್ಕೆ ತೂಕದ ಚೀಟಿ: ತಾರೀಕು, ಕೆಜಿ, ದರ, ಒಟ್ಟು. ಬಾಯಲ್ಲಿ ಅವರು ಹೇಳಲಿ, ಅಕ್ಕೋರು ಬರೆದು ತೋರಿಸಲಿ, ಆಮೇಲೆ ಅವರು ಬರೆಯಲಿ. ಪರೀಕ್ಷೆಗೆ ಇದು ಉಪಯೋಗ ಆಗುತ್ತದಾ ಅಂತ ಅಕ್ಕೋರಿಗೆ ಚಿಂತೆ. ವಯಸ್ಕರ ಸಾಕ್ಷರತೆಗೆಂದು ಸರ್ಕಾರ ನಡೆಸುವ ಉಲ್ಲಾಸ್ ಕಾರ್ಯಕ್ರಮದ ಪರೀಕ್ಷೆಯಲ್ಲಿರುವುದು ಓದು, ಬರಹ, ಲೆಕ್ಕ ಮೂರೇ. ಕೂಲಿ ಚೀಟಿ ಓದಬಲ್ಲವರು ಅದಕ್ಕೂ ಕೂರಬಹುದು.

ಕಾಕಿಯ ವಿಷಯ ಕಷ್ಟದ್ದು. ಮನೆಗೆ ಹೋಗಿ ಎಂದೆ, ಹಗಲು ಹೊತ್ತಿನಲ್ಲಿ, ಒಬ್ಬರೇ. ತರಗತಿಗೆ ಬಾ ಅಂತ ಕರೆಯಲು ಅಲ್ಲ, ಸಮಾಧಾನ ಹೇಳಲೂ ಅಲ್ಲ. ಬೋರ್ಡಿನ ಮೇಲೆ ಬರೆದದ್ದು ತಪ್ಪಾಯಿತು ಅಂತ ಒಂದು ಮಾತು ಹೇಳಿ, ಆಮೇಲೆ ಸುಮ್ಮನೆ ಕೂತಿರಿ. ನಿದ್ದೆ, ಊಟ ಬಿಟ್ಟಿದ್ದಾರಾ, ಬದುಕು ಬೇಡ ಅನ್ನುವ ಮಾತು ಬರುತ್ತಿದೆಯಾ ಅಂತ ಗಮನಿಸಿ. ಬಂದರೆ ಅದನ್ನು ಹೊರುವುದು ನಿಮ್ಮೊಬ್ಬರ ಕೆಲಸ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ದಿನದ ಯಾವ ಹೊತ್ತಿಗೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಅಕ್ಕೋರ ಫೋನಿನಲ್ಲಿ ನನ್ನೆದುರೇ ಹಾಕಿಸಿದೆ.

ಅಕ್ಕೋರು ಹೋದರು. ಕಾಕಿ ಚಹಾ ಕೊಟ್ಟು ಹೇಳಿದರಂತೆ: "ಅತ್ತಿದ್ದಕ್ಕ ನನಗ ಬ್ಯಾಸರಿಲ್ಲವ್ವ. ಅಳೂದು ಇದ್ದದ್ದ. ನೀ ಅದನ್ನ ಎಲ್ಲಾರ ಮುಂದ ಬರದಿ, ಆ ಹುಡುಗಿ ಓದಿದ್ಲು." ಈ ಮಾತು ವಯಸ್ಕರಿಗೆ ಕಲಿಸುವ ಪ್ರತಿಯೊಬ್ಬರಿಗೂ ಮುಟ್ಟಬೇಕು ಅನ್ನಿಸಿತು, ಇಲ್ಲಿ ಬರೆಯುತ್ತಿರುವುದೂ ಅದಕ್ಕೇ. ತರಗತಿಯಲ್ಲಿ ಯಾರಾದರೂ ಅತ್ತರೆ ಪಾಠ ನಿಲ್ಲಿಸಿ. ನೀರು ಕೊಡಿ, ಪಕ್ಕ ಕೂರಿ. ಆ ದುಃಖವನ್ನು ಮಾತ್ರ ಪಾಠದ ಸಾಮಾನು ಮಾಡಬೇಡಿ. ಯಾವುದು ಬೋರ್ಡಿಗೆ ಹೋಗಬೇಕು, ಯಾವುದು ಹೋಗಬಾರದು ಅನ್ನುವುದನ್ನು ಹೇಳಿದವರನ್ನೇ ಕೇಳಿ.

ಕಾಕಿ ತಿರುಗಿ ಬಂದಿದ್ದಾರೆ, ದಿನಾ ಅಲ್ಲ. ಬಾಯಿಲೆಕ್ಕವನ್ನು ಉಳಿದವರಿಗೆ ಹೇಳಿಕೊಡುವುದು ಈಗ ಅವರೇ. ಬಿಟ್ಟುಹೋದವರಲ್ಲಿ ಕೆಲವರು ಇನ್ನೂ ಬಂದಿಲ್ಲ. ಎಲ್ಲರನ್ನೂ ಕರೆತರುವ ಹೊಣೆ ನಿಮ್ಮದಲ್ಲ ಎಂದು ಅಕ್ಕೋರಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ಮೊನ್ನೆ ಫೋನ್ ಬಂತು, ಬೇರೆ ಗಾಬರಿ. ಹೆಂಗಸರು ತಮ್ಮದೇ ನೋಟ್‌ಬುಕ್ಕಿನಲ್ಲಿ ಕೆಜಿ ಬರೆದುಕೊಳ್ಳಲು ಶುರು ಮಾಡಿದ್ದಾರೆ, ಮುಕಾದಮನ ಲೆಕ್ಕಕ್ಕೂ ಇದಕ್ಕೂ ಕೆಲವು ದಿನ ತಾಳೆಯಾಗುತ್ತಿಲ್ಲ, ನಿಮ್ಮ ಮಗಳು ಜನರ ತಲೆ ಕೆಡಿಸುತ್ತಿದ್ದಾಳೆ ಎಂದು ಅವನು ಅಕ್ಕೋರ ತಂದೆಗೆ ಹೇಳಿದ್ದಾನೆ. "ಆ ಪಾಠಾ ಬಿಟ್ಟುಬಿಡ್ಲೇನ್ರಿ?" ಬಿಡಬೇಡಿ ಎಂದೆ. ನೀವು ಅವನ ಹತ್ತಿರ ಜಗಳಕ್ಕೂ ಹೋಗಬೇಡಿ. ಆ ನೋಟ್‌ಬುಕ್ ಅವರದ್ದು, ಮುಂದೇನು ಅನ್ನುವುದನ್ನು ಅವರೇ ಮಾತಾಡಿಕೊಳ್ಳಲಿ. ತಂದೆಗೆ ಎಲ್ಲವನ್ನೂ ನೀವೇ ಬಿಡಿಸಿ ಹೇಳಿ, ಅವರು ಬೇರೆಯವರ ಬಾಯಿಂದ ಕೇಳುವುದು ಬೇಡ. ಹೆಂಗಸರು ತಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ವಿಷಯ ಇಟ್ಟಿದ್ದಾರೆ, ತೂಕ ಮಾಡುವಾಗ ತಮ್ಮವರಿಬ್ಬರು ಪಕ್ಕದಲ್ಲಿ ನಿಲ್ಲಬೇಕು ಅಂತ ಕೇಳುತ್ತಾರಂತೆ. ಅಕ್ಕೋರ ನಿದ್ದೆ ಸುಧಾರಿಸಿದೆ. ಮುಂದಿನ ಭೇಟಿ ಹತ್ತಿ ಬಿಡಿಸುವುದು ಮುಗಿದ ಮೇಲೆ.